ಜೆಫರ್ಸನ್ ತಮ್ಮ ಮಾತಿಗೆ ತಪ್ಪಿದರೇ?

ಕೇಂದ್ರ ಸರ್ಕಾರಕ್ಕೆ ಜಾಸ್ತಿ ಅಧಿಕಾರ ಬೇಡ ಎನ್ನುತ್ತಿದ್ದ ಥಾಮಸ್ ಜೆಫರ್ಸನ್, ತಾವೇ ಅಮೆರಿಕದ ಅಧ್ಯಕ್ಷರಾದಾಗ ಯಾರನ್ನೂ ಕೇಳದೆ ಫ್ರಾನ್ಸ್‌ನಿಂದ ಲೂಸಿಯಾನಾ ಎಂಬ ವಿಶಾಲ ಪ್ರದೇಶ ಕೊಂಡರಲ್ಲ ಎಂದು ಕೇಳಿದ್ದೀರಿ. ಕೇಳದೆ ಅಂತ ಅಲ್ಲ, 1803ರ ಅಕ್ಟೋಬರ್‌ನಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್ 24-7 ಮತಗಳಿಂದ ಒಪ್ಪಿತ್ತು. ಆದರೆ ನಿಮ್ಮ ಅನುಮಾನ ಅವರಿಗೂ ಇತ್ತು.

1791ರಲ್ಲಿ ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್ ರಾಷ್ಟ್ರೀಯ ಬ್ಯಾಂಕ್ ತರಲು ಹೊರಟಾಗ, ಸಂವಿಧಾನ ಬರೆದು ಕೊಡದ ಅಧಿಕಾರ ಕೇಂದ್ರಕ್ಕಿಲ್ಲ ಎಂದು ವಾದಿಸಿದ್ದು ಇದೇ ಜೆಫರ್ಸನ್. ಹೊರದೇಶದಿಂದ ಭೂಮಿ ಕೊಳ್ಳುವ ಅಧಿಕಾರವನ್ನೂ ಅಲ್ಲಿ ಬರೆದಿರಲಿಲ್ಲ. ಅದಕ್ಕೇ ಅವರು ಸಂವಿಧಾನ ತಿದ್ದುಪಡಿಯ ಕರಡನ್ನೇ ಬರೆದಿದ್ದರು. ಅಷ್ಟರಲ್ಲಿ, ಫ್ರಾನ್ಸ್ ಆಳುತ್ತಿದ್ದ ನೆಪೋಲಿಯನ್ ಮಾರುವ ಮನಸ್ಸು ಬದಲಾಯಿಸಬಹುದು ಎಂಬ ಎಚ್ಚರಿಕೆ ಪ್ಯಾರಿಸ್‌ನಿಂದ ಬಂತು. ಕರಡು ಮೂಲೆ ಸೇರಿತು. 1.5 ಕೋಟಿ ಡಾಲರ್‌ಗೆ ದೇಶ ಹೆಚ್ಚುಕಮ್ಮಿ ಎರಡು ಪಟ್ಟಾಯಿತು.

ಇದರ ಹಿಂದೆ ಅವರ ಇನ್ನೊಂದು ನಂಬಿಕೆಯೂ ಇತ್ತು. ಸ್ವಂತ ಜಮೀನಿರುವ ಸಣ್ಣ ರೈತ ಯಾರ ಹಂಗಿನಲ್ಲೂ ಇರುವುದಿಲ್ಲ, ಗಣರಾಜ್ಯ ಉಳಿಯುವುದು ಅಂಥವನಿಂದಲೇ ಎಂದು ಅವರು ನಂಬಿದ್ದರು. ಅದಕ್ಕೆ ಭೂಮಿ ಬೇಕಲ್ಲ! (ಅಲ್ಲಿ ಆಗಲೇ ಬದುಕುತ್ತಿದ್ದ ಮೂಲನಿವಾಸಿಗಳನ್ನು ಮಾತ್ರ ಯಾರೂ ಕೇಳಲಿಲ್ಲ. ಆ ರೈತನನ್ನು ಹೊಗಳಿದ ಜೆಫರ್ಸನ್ ಅವರ ಹೊಲದಲ್ಲೇ ಗುಲಾಮರು ದುಡಿಯುತ್ತಿದ್ದರು.)

ನನ್ನ ಕೇಳಿದರೆ, ಅವರ ತತ್ವಕ್ಕೆ ದೊಡ್ಡ ಪೆಟ್ಟು ಬಿದ್ದಿದ್ದು 1807ರ ವ್ಯಾಪಾರ ನಿರ್ಬಂಧದಿಂದ. ಬ್ರಿಟನ್ ಮತ್ತು ಫ್ರಾನ್ಸನ್ನು ಮಣಿಸಲು ಅಮೆರಿಕದ ಹಡಗುಗಳು ವಿದೇಶಕ್ಕೆ ಹೋಗದಂತೆ ತಡೆದರು. ಕಳ್ಳಸಾಗಣೆ ಹೆಚ್ಚಿದಾಗ ಕೇಂದ್ರದ ಅಧಿಕಾರಿಗಳಿಗೆ ಸರಕು ಜಪ್ತಿ ಮಾಡುವ ಬಲ ಕೊಟ್ಟರು. 1809ರಲ್ಲಿ ಅಧಿಕಾರ ಬಿಡುವ ಕೆಲವೇ ದಿನ ಮುಂಚೆ ಅದನ್ನು ಹಿಂತೆಗೆಯುವ ಮಸೂದೆಗೆ ಅವರೇ ಸಹಿ ಹಾಕಿದರು.