ನರ್ಸ್‌ಗೆ ಇದೆಲ್ಲ ಯಾಕೆ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಮಗನ ಅನುದಾನಿತ ಶಾಲೆಗೆ ಆರೋಗ್ಯ ತಪಾಸಣೆ ತಂಡ ಬಂದಿತ್ತು. ಅವನಿಗೆ ಒಂಬತ್ತು ವರ್ಷ. ತೂಕ ಜಾಸ್ತಿ ಇದೆ, ಮನೆಯವರು ಬಂದು ಮಾತಾಡಲಿ ಅಂತ ನರ್ಸ್ ಎಲ್ಲರೆದುರು ಚೀಟಿ ಕೊಟ್ಟರಂತೆ. ಮೈಕೈ ತುಂಬಿಕೊಂಡ ಮಗುವಿಗೆ ಕಣ್ಣು ಹಾಕಿದ್ರು ಅಂತ ನಮ್ಮತ್ತೆ ನೊಂದುಕೊಂಡರು. ಡಾಕ್ಟರ್ ಹೇಳಿದ್ದರೆ ಕೇಳಬಹುದಿತ್ತು. ನರ್ಸ್‌ಗೆ ಇದೆಲ್ಲ ಯಾಕೆ?"

ಅಮ್ಮಾ, ಎಲ್ಲರೆದುರು ಚೀಟಿ ಕೊಟ್ಟಿದ್ದು ತಪ್ಪೇ. ಹುಡುಗನಿಗೆ ಎಷ್ಟು ನಾಚಿಕೆಯಾಗಿರಬೇಡ! ಥೈರಾಯ್ಡ್ ಇದೆಯೋ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೋ, ಅದನ್ನು ಡಾಕ್ಟರೇ ನೋಡಬೇಕು. ಒಪ್ಪಿದೆ. ಆದರೆ ನಿಮ್ಮ ಕೊನೆಯ ಪ್ರಶ್ನೆ ನನ್ನ ಮನಸ್ಸಿನಿಂದ ಹೋಗಲೇ ಇಲ್ಲ.

ನನ್ನ ತಂಗಿಯ ಮೊಮ್ಮಗನದ್ದೂ ಇದೇ ಕತೆ. ಡಾಕ್ಟರ್ ಎರಡು ನಿಮಿಷ ನೋಡಿ "ತೂಕ ಇಳಿಸಿ" ಅಂದರು. ಹೊರಗೆ ತೂಕ ನೋಡಿದ್ದ ಸಿಸ್ಟರ್ ಮಾತ್ರ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು: "ಶಾಲೆ ಬಿಟ್ಟ ಮೇಲೆ ಮನೇಲಿ ಯಾರಿರ್ತಾರೆ?" ನಾನೇ, ಅಂದಳು ತಂಗಿ. ಏನು ಕೊಡ್ತೀರಿ? ಮೂರು ಚಮಚ ಸಕ್ಕರೆ ಹಾಕಿದ ಹಾಲು, ಬಿಸ್ಕತ್ತು, ಮಿಕ್ಸ್ಚರ್. ಎಲ್ಲ ಟೀವಿ ಮುಂದೆ. ಸಿಸ್ಟರ್ ಬೈಯಲಿಲ್ಲ. ಸಕ್ಕರೆ ಒಂದು ಚಮಚಕ್ಕೆ ಇಳಿಸಿ, ಬಿಸ್ಕತ್ತಿನ ಬದಲು ಹೆಸರುಕಾಳು ಉಸಲಿ ಮಾಡಿ ಅಂದರು. ಅವನಿಗೊಂದು ಅಡುಗೆ, ನಿಮಗೊಂದು ಅಡುಗೆ ಬೇಡ ಅಂದರು. ಸಂಜೆ ಅಜ್ಜಿ ಮೊಮ್ಮಗ ಇಬ್ಬರೂ ದೇವಸ್ಥಾನದ ತನಕ ನಡೆದು ಬನ್ನಿ. ಅವನ ಮುಂದೆ "ದಪ್ಪ" ಅನ್ನೋ ಮಾತೇ ಎತ್ತಬೇಡಿ. ಬೆಳೆಯೋ ಹುಡುಗ, ತೂಕ ಏರದೆ ನಿಂತರೂ ಸಾಕು, ಎತ್ತರ ಬಂದಂತೆ ಸರಿಹೋಗುತ್ತದೆ. ಆಮೇಲೆ ತಿಂಗಳಿಗೊಮ್ಮೆ ಫೋನ್ ಮಾಡಿ ವಿಚಾರಿಸುತ್ತಿದ್ದರು. ಆ ಮನೆಯಲ್ಲಿ ಅಡುಗೆ ಬದಲಾಗಿದ್ದು ಆ ಫೋನಿನಿಂದ, ಡಾಕ್ಟರ ಚೀಟಿಯಿಂದ ಅಲ್ಲ.

ಇದು ನಿಮ್ಮೊಬ್ಬರ ಮನೆಯ ಮಾತಲ್ಲ. ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ತೂಕ ಮೀರಿದವರು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 2.1 ಇದ್ದರು. 2019-21ರ ಹೊತ್ತಿಗೆ ಶೇ. 3.4 ಆದರು. ಶಾಲೆಗೇ ಬಂದು ಮಕ್ಕಳ ಆರೋಗ್ಯ ನೋಡುವ, 2013ರಲ್ಲಿ ಶುರುವಾದ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದಲ್ಲಿ ಇಬ್ಬರು ಆಯುಷ್ ವೈದ್ಯರ ಜೊತೆ ಒಬ್ಬ ನರ್ಸ್‌ ಕೂಡ ಇರಬೇಕು ಅಂತ ಸುಮ್ನೆ ಬರೆದಿಲ್ಲ.

ಆದರೆ ಆ ನರ್ಸ್‌ಗೆ ನಾವು ಎಷ್ಟು ಹೊತ್ತು ಬಿಟ್ಟಿದ್ದೇವೆ? ಒಂದೇ ದಿನ ಇಡೀ ಶಾಲೆ ಮುಗಿಸಬೇಕು, ರಿಜಿಸ್ಟರ್ ತುಂಬಬೇಕು, ಮೊಬೈಲ್‌ನಲ್ಲಿ ಮತ್ತೆ ಅದನ್ನೇ ತುಂಬಬೇಕು. ಎಷ್ಟೋ ಜನ ಗುತ್ತಿಗೆಯವರು. ತಾಯಂದಿರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡುವ ಹೊತ್ತು ಇದ್ದಿದ್ದರೆ ಆ ಚೀಟಿಯೇ ಬೇಕಿರಲಿಲ್ಲ. ಇನ್ನೊಂದು ಕಡೆ, ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಮಕ್ಕಳಿಗೆ ಮಾರಬಾರದು ಅಂತ 2020ರಲ್ಲೇ ನಿಯಮ ಬಂದಿದೆ. ನಿಮ್ಮ ಮಗನ ಶಾಲೆ ಗೇಟಿನ ಎದುರು ಒಮ್ಮೆ ನಿಂತು ನೋಡಿ. ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟವರನ್ನು ಯಾರೂ ಕೇಳುವುದಿಲ್ಲ. ಆಟದ ಬಯಲಿನಲ್ಲಿ ಕಟ್ಟಡ ಎಬ್ಬಿಸಿದವರನ್ನೂ ಕೇಳುವುದಿಲ್ಲ. ನಮ್ಮ ಸಿಟ್ಟೆಲ್ಲ ತೂಕ ನೋಡಿದ ಹೆಣ್ಣುಮಗಳ ಮೇಲೆ.

ಚೀಟಿ ಬಿಸಾಡಿಲ್ಲ ತಾನೆ? ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಸಂಜೆಯ ತಿಂಡಿ ಅವರ ಕೈಯಲ್ಲೇ ಇರುವುದು. ಎಲ್ಲರೆದುರು ಕೊಟ್ಟಿದ್ದಕ್ಕೆ ಬೇಜಾರಾಯಿತು ಅಂತ ಸಿಸ್ಟರ್‌ಗೆ ಮೊದಲೇ ಹೇಳಿಬಿಡಿ. ಆಮೇಲೆ ಅವರು ಏನು ಕೇಳಿದರು, ಅತ್ತೆ ಏನು ಹೇಳಿದರು, ನನಗೆ ಬರೆಯಿರಿ.

— ಸಂ.