ನಾಮಪದ ಸಿಕ್ಕಿದ್ದೆಲ್ಲಾ ಕ್ಲಾಸಾ?

ಪ್ರಶ್ನೆ: ಲೈಬ್ರರಿ ಸಾಫ್ಟ್‌ವೇರ್ ಡಿಸೈನ್ ಮಾಡ್ತಿದೀನಿ ಸರ್. ರಿಕ್ವೈರ್‌ಮೆಂಟಲ್ಲಿರೋ ನಾಮಪದಕ್ಕೆಲ್ಲಾ ಒಂದೊಂದು ಕ್ಲಾಸ್ (ಒಂದು ಬಗೆಯ ವಸ್ತುವಿನ ಮಾಹಿತಿ, ಕೆಲಸ ಎರಡನ್ನೂ ಹಿಡಿದಿಡೋ ಕೋಡಿನ ಅಚ್ಚು) ಮಾಡಿ ಅಂದಿದ್ರು, 40 ಆಗೋಯ್ತು, ತಲೆ ಕೆಟ್ಟೋಗಿದೆ!

ಉತ್ತರ: ನಾಮಪದ ಹುಡುಕೋದು ಶುರು ಮಾಡೋಕಷ್ಟೇ ಕಣ್ರೀ. 'ಪುಸ್ತಕ' ಅನ್ನೋ ಪದಾನೇ ನೋಡಿ, ಒಂದೇ ಪದ ಆದ್ರೆ ಒಳಗೆ ಎರಡು ವಸ್ತು ಕೂತಿವೆ, ಹೆಸರು ಲೇಖಕರು ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರ್) ಇವೆಲ್ಲಾ ಪುಸ್ತಕದ ಆವೃತ್ತಿಗೆ ಸೇರಿದ್ದು, ಯಾರ ಹತ್ರ ಇದೆ ಹಾಳೆ ಹರಿದಿದ್ಯಾ ಅನ್ನೋದು ಕಪಾಟಲ್ಲಿರೋ ಆ ಒಂದು ಪ್ರತಿಗೆ ಸೇರಿದ್ದು. ಇವೆರಡನ್ನ ಒಂದೇ ಕ್ಲಾಸಿಗೆ ತುರುಕಿದ್ರೆ ಎರಡನೇ ಪ್ರತಿ ಬಂದ ದಿನಾನೇ ಎಡವಟ್ಟು. ಫೋನ್ ನಂಬರ್‌ಗೆ ಕ್ಲಾಸ್ ಬೇಡ, ಸದಸ್ಯನ ಕ್ಲಾಸ್ ಒಳಗೆ ಒಂದು ಫೀಲ್ಡ್ (ಮಾಹಿತಿ ಇಡೋ ಜಾಗ) ಸಾಕು. ತಮಾಷೆ ಅಂದ್ರೆ 'ಎರವಲು ಪಡೆಯೋದು' ಕ್ರಿಯಾಪದ, ಆದ್ರೂ ಅದಕ್ಕೆ ಕ್ಲಾಸ್ ಬೇಕು, ತಗೊಂಡ ದಿನ ವಾಪಸ್ ಕೊಡೋ ದಿನ ಇನ್ನೆಲ್ಲಿ ಇಡ್ತೀರಾ?

1989ರಲ್ಲಿ ಪ್ರೋಗ್ರಾಮರ್‌ಗಳಾದ ಕೆಂಟ್ ಬೆಕ್, ವಾರ್ಡ್ ಕನಿಂಗ್‌ಹ್ಯಾಮ್ ತೋರಿಸಿದ ಸಿಆರ್‌ಸಿ (ಕ್ಲಾಸ್, ರೆಸ್ಪಾನ್ಸಿಬಿಲಿಟಿ, ಕೊಲ್ಯಾಬೊರೇಟರ್) ಕಾರ್ಡ್ ಟ್ರೈ ಮಾಡಿ. ಒಂದು ಕ್ಲಾಸಿಗೆ ಒಂದು ಕಾರ್ಡು, ಎಡಕ್ಕೆ ಅದರ ಜವಾಬ್ದಾರಿ, ಬಲಕ್ಕೆ ಜೊತೆಗಾರರು, ಅಂದ್ರೆ ಅದಕ್ಕೆ ನೆರವಾಗೋ ಬೇರೆ ಕ್ಲಾಸುಗಳು. ಎಡಗಡೆ ಬರೆಯೋಕೆ ಏನೂ ಹೊಳೀತಿಲ್ವಾ, ಆ ಕಾರ್ಡ್ ಹರಿದು ಬಿಸಾಕಿ.