ಮೊದಲ ಸಂಬಳಕ್ಕೆ ಮುಂಚೆಯೇ ಊರಿಗೆ ಬಂದ ಹುಡುಗ

(ಗುರುತು ಸಿಗಬಾರದು ಅಂತ ಊರು, ಮನೆ, ಕೆಲಸದ ಜಾಗದ ವಿವರಗಳನ್ನು ಬದಲಿಸಿದ್ದೇನೆ. ಹುಡುಗ ಮತ್ತು ಅವನ ತಾಯಿ ಒಪ್ಪಿದ ಮೇಲೆಯೇ ಇದನ್ನು ಬರೆದಿದ್ದೇನೆ.)

ವಯಸ್ಸು 20. ಬಯಲುಸೀಮೆಯ ಒಂದು ಹಳ್ಳಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷ್ ಎರಡು ವಿಷಯ ಹೋಗಿವೆ. ತಂದೆ ತೀರಿಕೊಂಡು ಕೆಲವು ವರ್ಷಗಳಾದವು. ತಾಯಿ ಕೂಲಿಗೆ ಹೋಗುತ್ತಾರೆ. ಅಕ್ಕನಿಗೆ ಮದುವೆ ಆಗಿದೆ. ಓದು, ಕೆಲಸದ ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಕರೆತಂದವರು ತಾಯಿಯೇ.

"ಇವ್ನು ಎಲ್ಲೂ ನಿಲ್ಲಲ್ಲ ಮೇಡಂ. ಸರ್ಕಾರ ಪುಕ್ಕಟೆ ಟ್ರೈನಿಂಗ್ ಕೊಡ್ತು, ಊಟ ಹಾಕ್ತು, ಕೆಲಸಾನೂ ಕೊಡ್ತು. ಹದಿನೇಳು ದಿನಕ್ಕೆ ಓಡಿ ಬಂದ. ಊರಲ್ಲಿ ತಲೆ ಎತ್ತಿ ಓಡಾಡೋ ಹಂಗಿಲ್ಲ."

ಹುಡುಗ ಒಂದು ಪ್ಲಾಸ್ಟಿಕ್ ಕವರ್ ಹಿಡಿದು ಕೂತಿದ್ದ. ಅದರಲ್ಲಿ ಮೂರು ಸರ್ಟಿಫಿಕೇಟ್ ಇದ್ದವು. ಒಂದು ಡೇಟಾ ಎಂಟ್ರಿಯದು, ಒಂದು ಮೊಬೈಲ್ ರಿಪೇರಿಯದು. ಮೂರನೆಯದು ಕಾರ್ಖಾನೆಯ ಅಸೆಂಬ್ಲಿ ಕೆಲಸದ ವಸತಿ ತರಬೇತಿಯದು. ಈ ಮೂರನ್ನು ಯಾಕೆ ಆರಿಸಿದೆ ಅಂತ ಕೇಳಿದೆ. ಆರಿಸಿದ್ದು ಅವನಲ್ಲ. ಆಗ ಯಾವ ಬ್ಯಾಚ್ ಶುರುವಾಗುತ್ತಿತ್ತೋ, ಯಾವುದಕ್ಕೆ ಹುಡುಗರು ಕಡಿಮೆ ಬಿದ್ದಿದ್ದರೋ ಅದಕ್ಕೆ ಸೇರಿಸಿದ್ದರು. ಇದು ಇವನೊಬ್ಬನ ಕಥೆಯಲ್ಲ. ಕೌಶಲ ತರಬೇತಿಗೆ ಹೋಗಿಬಂದ ಹುಡುಗ ಹುಡುಗಿಯರ ಬಾಯಲ್ಲಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ.

ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಅವನ ಜೊತೆ ಒಬ್ಬಳೇ ಮಾತಾಡಿದೆ. ನಿದ್ದೆ, ಊಟ, ಮನಸ್ಸು ಹೇಗಿದೆ ಅಂತ ಮೊದಲು ವಿಚಾರಿಸಿದೆ. ಸಾಯಬೇಕು ಅಂತ ಯಾವಾಗಲಾದರೂ ಅನ್ನಿಸಿತ್ತಾ ಅಂತ ನೇರವಾಗಿಯೇ ಕೇಳಿದೆ. ಹಂಗೇನಿಲ್ಲ, ಆದರೆ ಯಾರ ಮುಖವನ್ನೂ ನೋಡೋಕೆ ಆಗ್ತಿಲ್ಲ ಅಂದ. ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416 ಅನ್ನು ಅವನ ಫೋನಿನಲ್ಲಿ ಸೇವ್ ಮಾಡಿಸಿದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ ಅಂತಲೂ ಹೇಳಿದೆ.

ಆಮೇಲೆ ಆ ಹದಿನೇಳು ದಿನಗಳ ಲೆಕ್ಕ ತೆಗೆದೆವು. ಬಿಳಿ ಹಾಳೆಯ ಮೇಲೆ ದಿನ ದಿನಕ್ಕೂ ಒಂದೊಂದು ಸಾಲು ಬರೆಸಿದೆ.

ಕೆಲಸ ಬೆಂಗಳೂರಿನ ಹೊರವಲಯದಲ್ಲಿ. ಸೇರಿದ್ದು ತಿಂಗಳ 12ನೇ ತಾರೀಕು. ಸಂಬಳ ಕೊಡುವುದು ಮುಂದಿನ ತಿಂಗಳ 7ಕ್ಕೆ. ಅಲ್ಲಿಯವರೆಗೆ ಕೈಯಲ್ಲಿದ್ದದ್ದು ತಾಯಿ ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿ ಕೊಟ್ಟ ದುಡ್ಡು. ಅದರಲ್ಲಿ ಜಾಸ್ತಿ ಪಾಲು ರೂಮಿನ ಅಡ್ವಾನ್ಸ್‌ಗೇ ಹೋಯಿತು. ಆರು ಹುಡುಗರಿಗೆ ಒಂದು ರೂಮು. ಎರಡನೇ ವಾರಕ್ಕೆ ರಾತ್ರಿ ಪಾಳಿ ಬಂತು. ರಾತ್ರಿ ಪಾಳಿ ಮುಗಿಸಿ ಬರುವ ಹೊತ್ತಿಗೆ ಹಗಲು ಪಾಳಿಯವರು ಎದ್ದು ಗಲಾಟೆ ಮಾಡುತ್ತಿದ್ದರು, ನಿದ್ದೆ ಇಲ್ಲ. ಸೂಪರ್‌ವೈಸರ್ ಹಿಂದಿಯಲ್ಲಿ ಹೇಳಿದ್ದು ಇವನಿಗೆ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಮಷಿನ್ ಪಕ್ಕ ಅಂಟಿಸಿದ್ದ ಸೂಚನೆಗಳು ಇಂಗ್ಲಿಷ್‌ನಲ್ಲಿದ್ದವು. ಒಂದು ದಿನ ಬೈಗುಳ ತಿಂದ. ಹದಿನೈದನೇ ದಿನದ ಸಾಲಿನಲ್ಲಿ ಅವನು ಬರೆದದ್ದು ಇಷ್ಟೇ: "ಬೆಳಗ್ಗೆ ಊಟ ಇಲ್ಲ. ಸಾಯಂಕಾಲ ಬನ್ನು, ಟೀ. ಕೈಯಲ್ಲಿ 140."

ಮನೆಗೆ ಫೋನ್ ಮಾಡಿ ಕೇಳಬಹುದಿತ್ತಲ್ಲ ಅಂದೆ. "ಅಮ್ಮ ಸಾಲ ಮಾಡಿ ಕಳಿಸಿದ್ರು ಮೇಡಂ. ಮತ್ತೆ ಹೆಂಗ್ ಕೇಳ್ಲಿ?" ಅಂದ. ಉಳಿದ ದುಡ್ಡಿಗೆ ಜೊತೆಯವನಿಂದ ಇನ್ನಷ್ಟು ಸೇರಿಸಿಕೊಂಡು ಬಸ್ ಹತ್ತಿದ್ದಾನೆ. ದುಡಿದ ಹದಿನೇಳು ದಿನದ ಕೂಲಿ ಅಲ್ಲೇ ಬಿಟ್ಟುಬಂದಿದ್ದಾನೆ.

ತಾಯಿಯನ್ನು ಒಳಗೆ ಕರೆದು, ಅವನನ್ನು ಕೇಳಿಯೇ, ಆ ಹಾಳೆಯನ್ನು ಓದಿ ಹೇಳಿದೆ. ಅವರು ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಬನ್ನು ತಿನ್ಕೊಂಡಿದ್ನಾ?" ಅಂತ ಒಂದೇ ಮಾತು ಕೇಳಿದರು.

ನಾನು ಅವರಿಗೆ ಹೇಳಿದ್ದು ಇದು. ನಿಮ್ಮ ಮಗ ಸೋಮಾರಿಯಲ್ಲ. ಕೆಲಸ ಬರದೆ ಬಿಟ್ಟವನೂ ಅಲ್ಲ. ಮೊದಲ ಸಂಬಳ ಕೈಗೆ ಬರುವವರೆಗಿನ ದಿನಗಳನ್ನು ದಾಟಲು ಅವನ ಹತ್ತಿರ ದುಡ್ಡೂ ಇರಲಿಲ್ಲ, ಕೇಳಲು ಜನರೂ ಇರಲಿಲ್ಲ. 'ಓಡಿ ಬಂದ' ಅನ್ನುವ ಮಾತನ್ನು ಇನ್ನು ಮನೆಯಲ್ಲಿ ಆಡಬೇಡಿ. ಪಕ್ಕದ ಮನೆ ಹುಡುಗನ ಸಂಬಳವನ್ನು ಊಟದ ಹೊತ್ತಲ್ಲಿ ಎತ್ತಬೇಡಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಅವನು ಓದಿದ ಮೂರನೇ ತರಬೇತಿ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯದು. 2014ರಲ್ಲಿ ಶುರುವಾದ ಈ ಯೋಜನೆಯ ಮಾರ್ಗಸೂಚಿಯಲ್ಲಿ, ಕೆಲಸಕ್ಕೆ ಸೇರಿದ ಮೇಲೂ ತಿಂಗಳಿಗೆ 1,000 ರೂಪಾಯಿ ಆಸರೆ ಹಣ ಕೊಡಬೇಕು ಅಂತ ಇತ್ತು. ಸ್ವಂತ ಜಿಲ್ಲೆಯಲ್ಲೇ ಕೆಲಸವಾದರೆ ಎರಡು ತಿಂಗಳು, ರಾಜ್ಯದೊಳಗೆ ಬೇರೆ ಜಿಲ್ಲೆಯಾದರೆ ಮೂರು ತಿಂಗಳು, ಹೊರ ರಾಜ್ಯವಾದರೆ ಆರು ತಿಂಗಳು. ಯೋಜನೆ ಬರೆದವರಿಗೆ ಈ ಕಷ್ಟ ಗೊತ್ತಿತ್ತು ಅಂತ ಇದರಿಂದಲೇ ತಿಳಿಯುತ್ತದೆ. ಆದರೆ ಹುಡುಗನಿಗೆ ಇದರ ಸುದ್ದಿಯೇ ಗೊತ್ತಿರಲಿಲ್ಲ. ತರಬೇತಿ ಕೇಂದ್ರದವರು ಹೇಳಿರಲಿಲ್ಲ, ಇವನು ಕೇಳಿರಲಿಲ್ಲ. ಸೇರಿದ ಮೇಲೆ ಫೋನ್ ಬಂದದ್ದು ಒಂದೇ ಸಲ, ಅದೂ ಆಫರ್ ಲೆಟರ್‌ನ ಫೋಟೊ ಕಳಿಸು ಅಂತ. ಎಷ್ಟು ಜನಕ್ಕೆ ತರಬೇತಿ ಆಯಿತು, ಎಷ್ಟು ಜನ ಕೆಲಸಕ್ಕೆ ಸೇರಿದರು ಅನ್ನುವ ಲೆಕ್ಕ ಎಲ್ಲ ಕಡೆ ಬರೆದಿಡುತ್ತಾರೆ. ಹದಿನೈದನೇ ದಿನ ಆ ಹುಡುಗ ಏನು ತಿಂದ ಅಂತ ಕೇಳುವವರು ಒಬ್ಬರು ಬೇಕು. ತರಬೇತಿಯ ಗುಣಮಟ್ಟಕ್ಕಿಂತ ಇದೇ ದೊಡ್ಡ ಕೊರತೆ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮೊದಲು ಮಾಡಿಸಿದ ಕೆಲಸ ಒಂದು ಅರ್ಜಿ. ಬಿಟ್ಟು ಬಂದರೂ ದುಡಿದ ದಿನದ ಕೂಲಿ ದುಡಿದವನದೇ. ಸೇರಿದ ದಿನ, ಬಿಟ್ಟ ದಿನ, ಬ್ಯಾಂಕ್ ಖಾತೆ ನಂಬರ್ ಬರೆದು ಕಂಪನಿಗೆ ಒಂದು ಪತ್ರ. ಅದರ ಪ್ರತಿ ಆ ಭಾಗದ ಕಾರ್ಮಿಕ ನಿರೀಕ್ಷಕರಿಗೆ. ಪತ್ರವನ್ನು ಅವನ ಕೈಯಲ್ಲೇ ಬರೆಸಿದೆ. ದುಡ್ಡು ಬರುತ್ತದೋ ಇಲ್ಲವೋ, ಕೇಳುವ ಹಕ್ಕಿದೆ ಅಂತ ಅವನಿಗೆ ತಿಳಿಯಬೇಕಿತ್ತು. ಸ್ವಲ್ಪ ತಡವಾದರೂ ದುಡ್ಡು ಬಂತು. ಸಂಘದ ಒಂದು ಕಂತಿಗೆ ಆಯಿತು.

ಎರಡನೇ ಭೇಟಿಗೆ ಒಬ್ಬನೇ ಬಂದ. ಕೆಲಸದ ಮಾತು ಬಿಟ್ಟು, ಸುಮ್ನೆ ಕೂತಾಗ ಏನು ಮಾಡ್ತೀಯಾ ಅಂತ ಕೇಳಿದೆ. ಸೋದರಮಾವನದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ, ಅಲ್ಲಿ ಕೂತಿರ್ತೀನಿ ಅಂದ. ಅಲ್ಲಿಂದ ಅವನ ಮಾತೇ ಬೇರೆಯಾಯಿತು.

ಸುಟ್ಟ ಮೋಟರ್ ಬಂದರೆ ಹಳೇ ಕಾಯಿಲ್ (ಒಳಗೆ ಸುತ್ತಿದ ತಂತಿ) ಅನ್ನು ಸುಮ್ನೆ ಕಿತ್ತು ಬಿಸಾಕುವಂತಿಲ್ಲವಂತೆ. ಮೊದಲು ಸುತ್ತು ಎಣಿಸಬೇಕು, ತಂತಿಯ ಗೇಜ್, ಅಂದರೆ ದಪ್ಪ, ನೋಡಬೇಕು, ಕನೆಕ್ಷನ್ ಹೇಗೆ ಕೊಟ್ಟಿದ್ದಾರೆ ಅಂತ ಬರೆದಿಟ್ಟುಕೊಳ್ಳಬೇಕು. ಎಣಿಕೆ ತಪ್ಪಿದರೆ ಮೋಟರ್ ಓಡುತ್ತದೆ, ಆದರೆ ಬೇಗ ಬಿಸಿಯಾಗಿ ಮತ್ತೆ ಸುಡುತ್ತದೆ. ಮಾವ ಎಣಿಸಿದ್ದನ್ನು ಇವನು ಇನ್ನೊಂದು ಸಲ ಎಣಿಸುತ್ತಾನೆ. "ಒಂದ್ಸಲ ಮಾವಂದು ತಪ್ಪಿತ್ತು ಮೇಡಂ, ನಾನೇ ಹಿಡಿದೆ" ಅಂದಾಗ ಅವನ ಮುಖದಲ್ಲಿ ಮೊದಲ ಸಲ ನಗು ಕಂಡೆ. ಗಣಿತದಲ್ಲಿ ಫೇಲಾದ ಹುಡುಗ ಅವನು. ಕೊಳವೆಬಾವಿ ನಂಬಿದ ಸೀಮೆ ಅದು, ವೋಲ್ಟೇಜ್ ಏರಿಳಿದಾಗೆಲ್ಲ ಮೋಟರ್ ಸುಡುತ್ತವೆ. ಈ ಕೆಲಸ ಅಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಮಾವನ ಅಂಗಡಿಯಲ್ಲೇ ಇದ್ದುಬಿಡಲಿ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಕೈಕೆಲಸ ಬಂದರೂ ಹತ್ತನೇ ಕ್ಲಾಸ್ ಪಾಸಾಗದವನಿಗೆ ಮುಂದಿನ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ. ಐಟಿಐ ಎಲೆಕ್ಟ್ರಿಷಿಯನ್ ಸೀಟಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ವಿದ್ಯುತ್ ಕಂಪನಿಗಳ ಕಿರಿಯ ಪವರ್‌ಮ್ಯಾನ್ ಹುದ್ದೆಗೂ ಅದೇ ಬೇಕು, ಅಲ್ಲಿ ಎಸ್ಸೆಸ್ಸೆಲ್ಸಿ ಅಂಕವೇ ಮುಖ್ಯ. ಅಪ್ರೆಂಟಿಸ್ ಆಗಿ, ಅಂದರೆ ಕಂಪನಿಯಲ್ಲಿ ಕೆಲಸ ಕಲಿಯುತ್ತಾ ದುಡಿಯಲು, ಸೇರಿದರೂ ಓದಿಗೆ ತಕ್ಕ ದುಡ್ಡು. 2019ರ ಅಪ್ರೆಂಟಿಸ್ ನಿಯಮದಲ್ಲಿ ಕನಿಷ್ಠ ಸ್ಟೈಪೆಂಡ್ (ಕಲಿಕೆಯ ಭತ್ಯೆ) ಐದರಿಂದ ಒಂಬತ್ತನೇ ತರಗತಿವರೆಗೆ ಓದಿದವರಿಗೆ ತಿಂಗಳಿಗೆ 5,000 ರೂಪಾಯಿ, ಹತ್ತು ಪಾಸಾದವರಿಗೆ 6,000, ಐಟಿಐ ಮುಗಿಸಿದವರಿಗೆ 7,000 ಅಂತ ಇತ್ತು. ಈ ಅಂಕಿಗಳನ್ನು ಹಾಳೆಯ ಮೇಲೆ ಮೆಟ್ಟಿಲಿನ ಹಾಗೆ ಬರೆದು ಅವನ ಮುಂದಿಟ್ಟೆ.

ಹತ್ತು ಫೇಲಾದವರಿಗೆ ಐಟಿಐ ಇಲ್ಲ ಅನ್ನುವ ಮಾತು ಹಳ್ಳಿಗಳಲ್ಲಿ ಈಗಲೂ ಇದೆ. ಅದು ನಿಜವಲ್ಲ. ಎರಡು ವರ್ಷದ ವೈರ್‌ಮನ್, ಒಂದು ವರ್ಷದ ವೆಲ್ಡರ್ ಟ್ರೇಡ್‌ಗಳಿಗೆ ಎಂಟನೇ ತರಗತಿ ಪಾಸಾಗಿದ್ದರೂ ಅರ್ಜಿ ಹಾಕಬಹುದು. ಹಾಗಾಗಿ ಪರೀಕ್ಷೆ ಪಾಸಾದರೆ ಎಲೆಕ್ಟ್ರಿಷಿಯನ್, ಆಗದಿದ್ದರೆ ವೈರ್‌ಮನ್ ಅಂತ ಇಬ್ಬರೂ ಕೂತು ತೀರ್ಮಾನಿಸಿದೆವು. ಎರಡೂ ಕರೆಂಟಿನ ಕೆಲಸವೇ, ಅವನ ಕೈಗೆ ಹತ್ತಿರದ್ದೇ. ಇಷ್ಟು ಆಗುವವರೆಗೆ ನಾಲ್ಕನೇ ಸರ್ಟಿಫಿಕೇಟ್ ಕೋರ್ಸ್‌ಗೆ ಸೇರಬೇಡ ಅಂತ ಗಟ್ಟಿಯಾಗಿ ಹೇಳಿದೆ.

ಪರೀಕ್ಷೆ ಕಟ್ಟಲು ಅವನು ಓದಿದ ಹೈಸ್ಕೂಲಿಗೇ ಹೋಗಬೇಕು. ಉಳಿದ ಎರಡು ವಿಷಯ ಮಾತ್ರ ಬರೆದರೆ ಸಾಕು. ಆದರೆ ಶಾಲೆಯ ಗೇಟು ದಾಟುವುದೇ ಅವನಿಗೆ ಬೆಟ್ಟವಾಗಿತ್ತು. 'ಈಗ ಏನ್ ಮಾಡ್ತಿದೀಯಾ?' ಅಂತ ಮೇಷ್ಟ್ರು ಕೇಳಿದರೆ ಏನು ಹೇಳುವುದು? ಆ ಉತ್ತರವನ್ನು ನನ್ನ ಮುಂದೆಯೇ ಹೇಳಿಸಿದೆ. "ಮೋಟರ್ ರಿವೈಂಡಿಂಗ್ ಮಾಡ್ತಿದೀನಿ ಸಾರ್. ಎರಡು ಸಬ್ಜೆಕ್ಟ್ ಮುಗಿಸ್ಬೇಕು ಅಂತ ಬಂದೆ." ಧ್ವನಿ ನಡುಗದೆ ಬರುವವರೆಗೆ ಹೇಳಿಸಿದೆ. 2024ರಿಂದ ಪೂರಕ ಪರೀಕ್ಷೆ ಅನ್ನುವ ಹೆಸರು ಹೋಗಿ ಪರೀಕ್ಷೆ-1, ಪರೀಕ್ಷೆ-2 ಅಂತ ಬಂದಿದೆ ಅಂತಲೂ ತಿಳಿಸಿದೆ. ಒಂದರಲ್ಲಿ ಹೋದರೆ ವರ್ಷ ಪೂರ್ತಿ ಕಾಯಬೇಕಿಲ್ಲ ಅಂತ ತಿಳಿದಾಗ ಅವನಿಗೆ ಸ್ವಲ್ಪ ಧೈರ್ಯ ಬಂತು.

ತಾಯಿ ನಡುವೆ ಯುವನಿಧಿ ದುಡ್ಡು ಇವನಿಗೆ ಬರಲ್ವಾ ಅಂತ ಕೇಳಿದರು. ಬರುವುದಿಲ್ಲ. ಅದು ಕೆಲಸ ಸಿಗದ ಯುವಜನರಿಗೆ, ಪದವಿ ಮುಗಿಸಿದವರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500. ಇವನಂಥವರಿಗೆ ಓದುವ ಕಾಲದ ಖರ್ಚನ್ನು ಬೇರೆ ಕಡೆಯಿಂದ ಹೊಂದಿಸಬೇಕು. ಅದಕ್ಕೇ ಮಾವನ ಹತ್ತಿರ ದಿನಗೂಲಿ ಕೇಳು ಅಂದೆ. ಮಾವ ಒಪ್ಪಲಿಲ್ಲ. ಕಲಿಯೋನಿಗೆ ಕೂಲಿ ಯಾಕೆ, ಊಟ ಹಾಕ್ತೀನಲ್ಲ ಅಂದರಂತೆ. ನಮ್ಮಲ್ಲಿ ಇದು ಹಳೇ ಮಾತು. ಆದರೆ 20 ವರ್ಷದ, ಎಣಿಕೆಯ ತಪ್ಪು ಹಿಡಿಯುವ ಕೈಯಾಳು ಸುಮ್ನೆ ನಿಂತು ನೋಡುವವನಲ್ಲ. ಜಗಳ ಮಾಡಬೇಡ, ಒಂದು ವಾರ ನೀನು ಸುತ್ತಿದ ಕಾಯಿಲ್ ಎಷ್ಟು ಅಂತ ಪುಸ್ತಕದಲ್ಲಿ ಬರೆದಿಡು, ಆಮೇಲೆ ಅಮ್ಮನ ಮುಂದೆ ಮಾವನಿಗೆ ತೋರಿಸು ಅಂದೆ. ಮಾವ ಪುಸ್ತಕ ನೋಡಿ, ಕಾಯಿಲ್ ಲೆಕ್ಕದಲ್ಲಿ ಕೊಡಲು ಒಪ್ಪಿದರು. ಕಡಿಮೆಯೇ, ಆದರೆ ವಾರ ವಾರ ಕೈಗೆ ಬರುತ್ತದೆ.

ಮುಂದೆ ಮತ್ತೆ ದೂರದ ಊರಿಗೆ ಕೆಲಸಕ್ಕೆ ಹೋಗುವ ದಿನ ಬರಬಹುದು. ಅದಕ್ಕೂ ತಯಾರಿ ಮಾಡಿಸಿದೆ. ಯಾವುದೇ ಕೇಂದ್ರದವರು ಕೆಲಸ ಕೊಡಿಸ್ತೀವಿ ಅಂದರೆ, ಸಂಬಳದ ತಾರೀಕು ಯಾವುದು, ಪಿಎಫ್ (ಭವಿಷ್ಯನಿಧಿ), ಇಎಸ್ಐ (ನೌಕರರ ವಿಮೆ) ಕಳೆದು ಕೈಗೆ ಬರುವುದೆಷ್ಟು, ಮೊದಲ ಸಂಬಳದವರೆಗೆ ಊಟ ರೂಮು ಯಾರದು, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಬೇಕು. ಬಾಯಿಮಾತು ಸಾಲದು, ಉತ್ತರ ವಾಟ್ಸಾಪ್‌ನಲ್ಲಾದರೂ ಬರಹದಲ್ಲಿರಲಿ. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಕೊಟ್ಟು ಬರಬಾರದು. ಕೆಲಸ ಕೊಡಿಸಲು ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬರಬೇಕು. ತಾಯಿ ಮಗ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡರು: ಕೈಯಲ್ಲಿ 500 ಉಳಿದ ದಿನ ಫೋನ್ ಮಾಡಬೇಕು, ಫೋನ್ ಬಂದಾಗ ತಾಯಿ ಬೈಯಬಾರದು.

ಈಗಿನ ಸ್ಥಿತಿ ಹೀಗಿದೆ. ಇಂಗ್ಲಿಷ್ ಪಾಸಾಗಿದೆ. ಗಣಿತ ಸ್ವಲ್ಪದರಲ್ಲಿ ಹೋಯಿತು. ಫಲಿತಾಂಶದ ದಿನ ಫೋನ್ ಮಾಡಿದ, ಬೇಸರವಿತ್ತು, ಆದರೆ ಈ ಸಲ ಅವನೇ ಮಾಡಿದ್ದ. ಮುಂದಿನ ಪರೀಕ್ಷೆಗೆ ಮತ್ತೆ ಕಟ್ಟಿದ್ದಾನೆ. ಹೈಸ್ಕೂಲಿನ ಗಣಿತ ಮೇಷ್ಟ್ರು ಸಂಜೆ ಹೊತ್ತು ಹೇಳಿಕೊಡಲು ಒಪ್ಪಿದ್ದಾರೆ. ಐಟಿಐ ಅರ್ಜಿಯಲ್ಲಿ ವೈರ್‌ಮನ್ ಟ್ರೇಡನ್ನೂ ಬರೆದಿದ್ದಾನೆ. ಸೀಟು ಸಿಕ್ಕರೆ ಅಂಗಡಿಗೆ ಭಾನುವಾರ ಮಾತ್ರ ಬರಲು ಸಾಧ್ಯ. ಅದನ್ನು ಮಾವನಿಗೆ ಈಗಲೇ ತಿಳಿಸಬೇಕು. ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಬಾ ಅಂತ ಹೇಳಿದ್ದೇನೆ.